ಸಹಾಯ ಬೇಕು: ಅಪ್ಪನ ಪ್ರೆಸ್ಸಿನ ಅಚ್ಚುಮೊಳೆಗಳಿಗೆ ಬಿಳಿ ಪುಡಿ ಹಿಡಿದಿದೆ

ನಮಸ್ಕಾರ. ಅಪ್ಪನ ಪ್ರೆಸ್ ಮುಚ್ಚಿ ತುಂಬಾ ವರ್ಷವಾಯಿತು. ಒಂದು ಟ್ರೆಡಲ್ ಮಷೀನ್ (ಕಾಲಿನಿಂದ ತುಳಿದು ನಡೆಸುವ ಅಚ್ಚುಯಂತ್ರ) ಮತ್ತು ಹದಿನಾಲ್ಕು ಮರದ ಕೇಸುಗಳಷ್ಟು (ಅಕ್ಷರಗಳಿಗೆ ಬೇರೆಬೇರೆ ಮನೆಗಳಿರುವ ತಟ್ಟೆ) ಕನ್ನಡ ಮೊಳೆ, ಅಂದರೆ ಅಚ್ಚೊತ್ತುವ ಲೋಹದ ಅಕ್ಷರಗಳು, ಉಳಿದಿವೆ. ಗುಜರಿಯವರು ಕೆಜಿ ಲೆಕ್ಕದಲ್ಲಿ ಕೇಳುತ್ತಿದ್ದಾರೆ. ಕೊಡಲು ಮನಸ್ಸೇ ಬರುತ್ತಿಲ್ಲ. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ 1894ರಲ್ಲಿ ಕಿಟ್ಟೆಲ್ ನಿಘಂಟು ಅಚ್ಚಾದದ್ದೂ ಇಂಥ ಮೊಳೆಗಳನ್ನು ಕೈಯಲ್ಲಿ ಜೋಡಿಸಿಯೇ ಅಲ್ವಾ?

ಎರಡು ಮ್ಯೂಸಿಯಂಗಳನ್ನು ಕೇಳಿದೆ. ಒಬ್ಬರಿಗೆ ಮಷೀನ್ ಸಾಕಂತೆ, ಮೊಳೆ ಬೇಡ. ಇನ್ನೊಬ್ಬರು ಎಲ್ಲವನ್ನೂ ತೆಗೆದುಕೊಳ್ಳುತ್ತಾರೆ, ಆದರೆ ಮೊದಲು ಶುಚಿ ಮಾಡಿ ಕೊಡಿ ಎಂದರು.

ಸಮಸ್ಯೆ ಇಲ್ಲೇ. ಮೊಳೆ ಸೀಸ, ತವರ, ಆಂಟಿಮನಿ ಬೆರೆಸಿ ಎರಕ ಹೊಯ್ದದ್ದು. ಈ ಪುಡಿ ಸೀಸಕ್ಕೆ ತುಕ್ಕು ಹಿಡಿದು ಬಂದದ್ದು, ವಿಷ. ಹಾಗಾಗಿ ಮಾಸ್ಕ್, ಗ್ಲೌಸ್ ಹಾಕಿಕೊಂಡೇ ಮುಟ್ಟುತ್ತೇನೆ. ಸೀಮೆಎಣ್ಣೆಯಲ್ಲಿ ಒರೆಸಿದೆ, ಹಳೇ ಶಾಯಿ ಹೋಯಿತು, ಪುಡಿ ಹೋಗಲಿಲ್ಲ. ಬ್ರಷ್‌ನಿಂದ ಸ್ವಲ್ಪ ಜೋರಾಗಿ ಉಜ್ಜಿದಾಗ ಒಂದು 'ಳ'ದ ಅಂಚೇ ಸವೆಯಿತು. ಹೆದರಿ ನಿಲ್ಲಿಸಿಬಿಟ್ಟೆ.

ಮರದಿಂದ ಬರುವ ಆಮ್ಲದ ಆವಿ, ಜೊತೆಗೆ ತೇವ, ಇವೇ ಕಾರಣ, ಕೇಸಿನಿಂದ ಮೊಳೆ ತೆಗೆಯಿರಿ ಎಂದು ಸ್ನೇಹಿತರು ಹೇಳುತ್ತಾರೆ. ಆದರೆ ಯಾವ ಅಕ್ಷರ ಯಾವ ಮನೆಯಲ್ಲಿ, ಒತ್ತಕ್ಷರ ಎಲ್ಲಿ ಎಂಬ ಆ ಜೋಡಣೆಯೇ ಅಪ್ಪನ ಕಸುಬು. ಅವರು ಕೇಸು ನೋಡದೆಯೇ ಮೊಳೆ ಎತ್ತುತ್ತಿದ್ದರು. ಅದನ್ನು ಕೆಡಿಸಲು ಕೈ ಬರುತ್ತಿಲ್ಲ.

ಹಳೇ ಮೊಳೆ ಕಾಪಾಡಿದ ಅನುಭವ ಇರುವವರು ದಯವಿಟ್ಟು ಹೇಳಿ: ಅಕ್ಷರದ ಮುಖ ಸವೆಯದಂತೆ ಈ ಪುಡಿ ತೆಗೆಯುವುದು ಹೇಗೆ? ಆಮೇಲೆ ಮೊಳೆಗಳನ್ನು ಅದೇ ಮರದ ಕೇಸಿಗೆ ಹಾಕಬಹುದೇ, ಬೇರೆ ಇಡಬೇಕೇ?