ಸಹಾಯ ಬೇಕು: ಮರದ ಲೈಟಿಗೆ ದಪ್ಪ ವೈರೋ, 24 ವೋಲ್ಟೋ?

ಊರು ಚಿಕ್ಕಮಗಳೂರು. ಗೇಟಿನ ಹತ್ತಿರ ಎರಡು ಸಿಲ್ವರ್ ಓಕ್, ಒಂದು ಹಲಸು, ಗೋಡೆಗೆ ಒತ್ತಿಕೊಂಡು ಎಂಟಡಿ ದಾಸವಾಳ. ನಾಲ್ಕಕ್ಕೂ ಒಂದೊಂದು 12 ವೋಲ್ಟ್, 7 ವ್ಯಾಟ್ ಎಲ್‌ಇಡಿ ಸ್ಪೈಕ್ ಲೈಟ್ (ನೆಲಕ್ಕೆ ಚುಚ್ಚಿ ನಿಲ್ಲಿಸುವಂಥದ್ದು). ಟ್ರಾನ್ಸ್‌ಫಾರ್ಮರ್ ಇರುವುದು 40 ಮೀಟರ್ ದೂರದ ಜಗಲಿಯಲ್ಲಿ, ವೈರ್ 1.5 ಚದರ ಮಿ.ಮೀ. ತಾಮ್ರ. ಲೈಟ್ ಮಂಕು, ಮಿಣಮಿಣ ಬೇರೆ.

ಕಾರಣ ಗೊತ್ತು: ಹೋಗಿ ಬರುವ 80 ಮೀಟರಿಗೆ ಹತ್ತಿರ ಹತ್ತಿರ 1 ಓಮ್, 28 ವ್ಯಾಟಿಗೆ 2.3 ಆಂಪ್. 2 ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಹೋಗುತ್ತದೆ. 4 ಚದರ ಮಿ.ಮೀ. ಎಳೆದರೆ ನಷ್ಟ 1 ವೋಲ್ಟಿನೊಳಗೆ. 24 ವೋಲ್ಟಿಗೆ ಹೋದರೆ ಇದೇ ವೈರ್ ಸಾಕು, ಆದರೆ ಲೈಟು, ಟ್ರಾನ್ಸ್‌ಫಾರ್ಮರ್ ಎರಡೂ ಬದಲಾಗಬೇಕು. ಮತ್ತೆ ನೆಲ ಅಗೆಯುವ ಕೂಲಿ ನೋಡಿದರೆ ನನ್ನ ಒಲವು 24ರ ಕಡೆ. ಎರಡೂ ಮಾಡಿ ನೋಡಿದವರು ಹೇಳಿ.

ಇನ್ನೊಂದು, ಜಾಯಿಂಟ್. ಬರೀ ಟೇಪ್ ಸುತ್ತಿದ್ದು ನಮ್ಮ ಮಳೆಗಾಲಕ್ಕೆ ನಿಲ್ಲುವುದಿಲ್ಲ. ನೀರು ಇಳಿದು ತಾಮ್ರ ಹಸಿರುಗಟ್ಟುತ್ತದೆ. ಜೆಲ್ ತುಂಬಿದ ಕನೆಕ್ಟರ್ ಚಿಕ್ಕಮಗಳೂರು ಅಥವಾ ಹಾಸನದಲ್ಲಿ ಎಲ್ಲಿ ಸಿಗುತ್ತದೆ? ಹೆಗ್ಗಣದ ಕಾಟಕ್ಕೆ ಪಿವಿಸಿ ಪೈಪ್ ಸಾಕೇ?

ಓಕ್‌ಗೆ 15 ಡಿಗ್ರಿ ಬೀಮ್ (ಬೆಳಕು ಹರಡುವ ಕೋನ), ಕಾಂಡದಿಂದ ಒಂದೂವರೆ ಅಡಿ ದೂರ ಅಂದುಕೊಂಡಿದ್ದೇನೆ. ದಾಸವಾಳಕ್ಕೆ ಹಿಂದಿನಿಂದ ಗೋಡೆಗೆ ಬಿಟ್ಟರೆ ಎಲೆಯ ಅಂಚು ಚೆನ್ನಾಗಿ ಕಾಣುತ್ತದೆ. ತೊಡಕು ಹಲಸಿನದು: ಎಲೆ ದಟ್ಟ, ಒಂದೇ ಲೈಟ್ ಇಟ್ಟರೆ ಒಂದು ಮಗ್ಗುಲು ಪೂರ್ತಿ ಕತ್ತಲು. 60 ಡಿಗ್ರಿಯ ಎರಡು ಸಾಕೋ, ಮೂರು ಬೇಕೋ? ಬಣ್ಣ 2700 ಕೆಲ್ವಿನ್ನೇ (ಹಳದಿ ಛಾಯೆ) ಇರಲಿ, ಬಿಳಿ ಲೈಟಿಗೆ ಹುಳ ಮುತ್ತುವುದು ಜಾಸ್ತಿ.