ಸೇವೆಯಲ್ಲಿರುವ ಸೈನಿಕರು ಸರ್ಕಾರದ ನೀತಿಯ ಬಗ್ಗೆ ಎಲ್ಲಿಯವರೆಗೆ ಮಾತನಾಡಬಹುದು?

ಪ್ರಶ್ನೆ

ಭಾರತೀಯ ಸೇನೆಯಲ್ಲಿರುವ ನನ್ನ ತಮ್ಮ ರಜೆಗೆ ಬಂದಿದ್ದಾಗ ನೇಮಕಾತಿ ನೀತಿಯ ಬಗ್ಗೆ ಫೇಸ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆದ. ಬೈಗುಳವೇನೂ ಇರಲಿಲ್ಲ, ತರಬೇತಿಗೆ ಕೊಡುವ ಸಮಯ ಸಾಲದು ಎಂದಷ್ಟೇ ಇತ್ತು. ಹತ್ತು ನಿಮಿಷದೊಳಗೆ ತಾನೇ ಅದನ್ನು ಅಳಿಸಿ, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಸುಮ್ಮನೆ ಕುಳಿತ. ಮತ ಹಾಕುವ ಹಕ್ಕಿರುವವನಿಗೆ, ಜೀವ ಒತ್ತೆಯಿಟ್ಟು ಮಾಡುವ ತನ್ನ ಕೆಲಸದ ಬಗ್ಗೆಯೇ ಮಾತನಾಡುವ ಹಕ್ಕು ಏಕಿಲ್ಲ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1

ಅಳಿಸಿದ್ದು ಒಳ್ಳೆಯದೇ ಆಯಿತು. ಸಶಸ್ತ್ರ ಪಡೆಗಳಲ್ಲಿರುವವರಿಗೆ ಮೂಲಭೂತ ಹಕ್ಕುಗಳು ಎಷ್ಟರಮಟ್ಟಿಗೆ ಅನ್ವಯಿಸಬೇಕೆಂದು ನಿರ್ಧರಿಸುವ ಅಧಿಕಾರವನ್ನು ಸಂವಿಧಾನದ 33ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ಅದರಂತೆ 1950ರ ಸೇನಾ ಕಾಯ್ದೆಯೂ 1954ರ ಸೇನಾ ನಿಯಮಗಳೂ ಬಂದವು. ಆ ನಿಯಮಗಳಲ್ಲಿ 21ನೆಯದು, ಪೂರ್ವಾನುಮತಿಯಿಲ್ಲದೆ ರಾಜಕೀಯ ಪ್ರಶ್ನೆಯನ್ನಾಗಲಿ ಸೇವೆಗೆ ಸಂಬಂಧಿಸಿದ ವಿಷಯವನ್ನಾಗಲಿ ಯಾವುದೇ ರೂಪದಲ್ಲಿ ಪ್ರಕಟಿಸಬಾರದು ಎನ್ನುತ್ತದೆ. ಬರೆದದ್ದು ಸೌಮ್ಯವಾಗಿತ್ತೇ, ನಿಜವಾಗಿತ್ತೇ ಎಂಬುದು ಅಲ್ಲಿ ಮುಖ್ಯವಲ್ಲ.

ಉತ್ತರ 2

ಈ ನಿರ್ಬಂಧಕ್ಕೆ ಗಟ್ಟಿಯಾದ ಕಾರಣವಿದೆ. ಕೊರಿಯಾ ಯುದ್ಧದ ಸಮಯದಲ್ಲಿ ಅಮೆರಿಕದ ಸೇನಾನಿ ಜನರಲ್ ಡಗ್ಲಸ್ ಮೆಕಾರ್ಥರ್ ತಮ್ಮ ದೇಶದ ಅಧ್ಯಕ್ಷ ಟ್ರೂಮನ್‌ರ ಯುದ್ಧನೀತಿಗೆ ವಿರುದ್ಧವಾದ ತಮ್ಮ ನಿಲುವನ್ನು ಪತ್ರದಲ್ಲಿ ಬರೆದರು; ವಿರೋಧ ಪಕ್ಷದ ನಾಯಕರು ಅದನ್ನು ಅಮೆರಿಕದ ಕೆಳಮನೆಯಲ್ಲಿ ಓದಿದರು. 1951ರ ಏಪ್ರಿಲ್‌ನಲ್ಲಿ ಟ್ರೂಮನ್, ಮೆಕಾರ್ಥರ್‌ರನ್ನು ಹುದ್ದೆಯಿಂದ ತೆಗೆದರು. ಜನಪ್ರಿಯ ಸೇನಾನಿಯೊಬ್ಬ ಒಂದು ಪಕ್ಷದ ದನಿಯಾದರೆ, ನಾಳೆ ಇನ್ನೊಂದು ಪಕ್ಷದ ಸರ್ಕಾರ ಆ ಸೇನೆಯನ್ನು ನಂಬುವುದಾದರೂ ಹೇಗೆ? ಶಸ್ತ್ರ ಹಿಡಿದವರ ಅಭಿಪ್ರಾಯ ಉಳಿದವರ ಅಭಿಪ್ರಾಯದಂತೆ ಕೇಳಿಸುವುದಿಲ್ಲ.

ಉತ್ತರ 3

ಮೆಕಾರ್ಥರ್ ಪ್ರಸಂಗದ ಬಗ್ಗೆ ನನಗೂ ತಕರಾರಿಲ್ಲ. ಆದರೆ ಅದೇ ತಕ್ಕಡಿಯಲ್ಲಿ ಈ ಸೈನಿಕನನ್ನು ತೂಗುವುದು ತಪ್ಪು. 2003ರ ಫೆಬ್ರವರಿಯಲ್ಲಿ ಅಮೆರಿಕದ ಭೂಸೇನೆಯ ಮುಖ್ಯಸ್ಥ ಎರಿಕ್ ಶಿನ್ಸೆಕಿ, ಸೆನೆಟ್ ಸಮಿತಿ ಕೇಳಿದ್ದಕ್ಕೆ, ಯುದ್ಧಾನಂತರದ ಇರಾಕ್‌ಗೆ ಹಲವು ಲಕ್ಷ ಸೈನಿಕರು ಬೇಕಾದಾರು ಎಂದರು. ರಕ್ಷಣಾ ಇಲಾಖೆಯ ನಾಗರಿಕ ಮುಖ್ಯಸ್ಥರು ಆ ಅಂದಾಜನ್ನು ಬಹಿರಂಗವಾಗಿಯೇ ತಳ್ಳಿಹಾಕಿದರು. ಶಿನ್ಸೆಕಿ ಪ್ರಚಾರಕ್ಕೆ ಇಳಿದಿರಲಿಲ್ಲ. ಕೇಳಿದ ಜಾಗದಲ್ಲಿ ಕೇಳಿದ ಪ್ರಶ್ನೆಗೆ ತಮ್ಮ ಅನುಭವದಿಂದ ಉತ್ತರ ಕೊಟ್ಟಿದ್ದರು. ಇಂಥ ಮಾತಿಗೂ ಬೆಲೆಯಿಲ್ಲವೆಂದಾದರೆ ಕೆಳಗಿನವರು ಬಾಯಿ ತೆರೆಯುವುದುಂಟೇ?

ಸಾಮಾನ್ಯ ಸೈನಿಕನನ್ನಂತೂ ಯಾವ ಸಮಿತಿಯೂ ಕರೆಯುವುದಿಲ್ಲ. ನಮ್ಮ ಸೇನಾ ಕಾಯ್ದೆಯ 26ನೇ ಸೆಕ್ಷನ್ ದೂರು ಕೊಡಲು ದಾರಿ ಮಾಡಿಕೊಟ್ಟಿದೆಯಾದರೂ ಅದು ತನಗಾದ ಅನ್ಯಾಯದ ದೂರು. ತರಬೇತಿಯ ಅವಧಿ ಎಲ್ಲರಿಗೂ ಸಾಲದು ಎಂಬ ಮಾತು ಅದರೊಳಗೆ ಸುಲಭವಾಗಿ ಹಿಡಿಸದು. ಜರ್ಮನಿಯಲ್ಲಿ ಸಂಸತ್ತೇ ನೇಮಿಸುವ ಸಶಸ್ತ್ರ ಪಡೆಗಳ ಆಯುಕ್ತರಿದ್ದಾರೆ. ಯಾವುದೇ ಸೈನಿಕ ಮೇಲಧಿಕಾರಿಗಳ ಮೂಲಕ ಹೋಗದೆ ನೇರವಾಗಿ ಅವರಿಗೆ ಬರೆಯಬಹುದು, ಅವರು ವರ್ಷಕ್ಕೊಮ್ಮೆ ಸಂಸತ್ತಿಗೆ ವರದಿ ಕೊಡುತ್ತಾರೆ. ನಿಮ್ಮ ತಮ್ಮ ಬರೆದ ಆ ನಾಲ್ಕು ಸಾಲು ಸೇರಬೇಕಾದದ್ದು ಅಂಥ ಮೇಜಿಗೆ. ಫೇಸ್‌ಬುಕ್ ಬೇಡ ಎನ್ನುವ ಕಾನೂನು ಆ ಮೇಜನ್ನೂ ತೋರಿಸಬೇಕಿತ್ತು.