ಮಜ್ಜೆಯಿಂದ ಟ್ಯಾಂಕಿಯ ಮುಚ್ಚಳದವರೆಗೆ

ಬೆಳಿಗ್ಗೆ 6.10ಕ್ಕೆ ಪೆರ್ಲದ ದೊಡ್ಡಪ್ಪ ಮನೆಯವರ ಗುಂಪಿಗೆ ಫಾರ್ವರ್ಡ್ ಹಾಕಿದರು: "ಮಲೇರಿಯಾ ಬಂದರೆ ಮೂಳೆಯ ಮಜ್ಜೆ ಸುಟ್ಟುಹೋಗುತ್ತದೆ! ಮತ್ತೆ ಜನ್ಮದಲ್ಲಿ ರಕ್ತ ಊರುವುದಿಲ್ಲ! ಪಪ್ಪಾಯಿ ಎಲೆ ರಸವೇ ಮದ್ದು!!" ಕೆಳಗೆ ಅವರದೇ ಒಂದು ಸಾಲು: "ಕೆಳಗಿನ ತೋಟದಲ್ಲಿ ಅಡಿಕೆ ಹಾಳೆ ಬಿದ್ದು ನೀರು ನಿಂತಿದೆ. ನೋಡುವವರಿಲ್ಲ."

ಕೆಳಗಿನ ತೋಟ ಚಿಕ್ಕಪ್ಪನದು. ಫಾರ್ವರ್ಡ್ ಬಂದದ್ದೇ ಈ ಸಾಲಿಗಾಗಿ.

ಬೆಂಗಳೂರು ಭಾವ: ಇದನ್ನು ಹೇಳಿದ್ದು ಯಾರು? ಮೂಲ ಎಲ್ಲಿ?

ದೊಡ್ಡಪ್ಪ: ಎಲ್ಲದಕ್ಕೂ ಮೂಲ ಕೇಳುವವರು ನವರಾತ್ರಿಗಾದರೂ ಮೂಲಮನೆಗೆ ಬರಲಿ.

ಲ್ಯಾಬಿನ ಅಕ್ಕ: ಸುಡುವುದಿಲ್ಲ ದೊಡ್ಡಪ್ಪಾ. ರೋಗಾಣು ಕೆಂಪು ರಕ್ತಕಣದೊಳಗೆ ಹೊಕ್ಕು ಹಿಮೋಗ್ಲೋಬಿನ್ ತಿನ್ನುತ್ತದೆ. ಕಣಗಳು ಒಟ್ಟಿಗೆ ಒಡೆದಾಗ ಚಳಿಜ್ವರ. ರೋಗಾಣು ಮುಟ್ಟದ ಕಣಗಳನ್ನೂ ಗುಲ್ಮ (ಸ್ಪ್ಲೀನ್) ಸೋಸಿ ತೆಗೆಯುತ್ತದೆ. ಅದೇ ಹೊತ್ತಿಗೆ ಮಜ್ಜೆ ಮಂಕಾಗಿ ಹೊಸ ಕಣ ಬೇಕಾದಷ್ಟು ಮಾಡುವುದಿಲ್ಲ. ಹಾಗಾಗಿ ರಕ್ತ ಕಮ್ಮಿ. ಫಾಲ್ಸಿಪಾರಮ್ ಜಾತಿಯ ಮಲೇರಿಯಾ ಆದರೆ, ಸೊಳ್ಳೆಗೆ ದಾಟುವ ರೋಗಾಣುವಿನ ಮರಿಗಳು ಮಜ್ಜೆಯಲ್ಲೇ ಅಡಗಿ ಬಲಿಯುತ್ತವೆ. ಸರಿಯಾದ ಮದ್ದು ಮಾಡಿದರೆ ಮಜ್ಜೆ ಚೇತರಿಸುತ್ತದೆ, ಪ್ಲೇಟ್‌ಲೆಟ್ಟೂ ಏರುತ್ತದೆ.

ಚಿಕ್ಕಮ್ಮ ಒಂದು ಹೆಬ್ಬೆರಳು ಹಾಕಿದರು. ಓದಿದ್ದಕ್ಕಲ್ಲ, ಉದ್ದ ಇದ್ದದ್ದಕ್ಕೆ.

ಬದಿಯಡ್ಕ ಮಾವ: ಮಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡಿಸುವಾಗ ನನಗೂ ಬಂದಿತ್ತು. ಅಮ್ಮ ಕಿರಾತಕಡ್ಡಿ ಕಷಾಯ ಕುಡಿಸಿ ಒಂದು ತುಂಡು ಬೆಲ್ಲ ಕೊಡುತ್ತಿದ್ದಳು. ಆ ಬೆಲ್ಲದ ರುಚಿ ಈಗೆಲ್ಲಿ!

ಅತ್ತೆ: ಬೆಲ್ಲ ನೆನಪುಂಟು. 14 ದಿನದ ಮಾತ್ರೆ ಐದನೇ ದಿನಕ್ಕೇ ಬಿಟ್ಟದ್ದು ನೆನಪಿಲ್ವಾ? ಮೂರು ತಿಂಗಳಲ್ಲಿ ಮತ್ತೆ ಮಲಗಿದಾಗ ಗಂಜಿ ಬೇಯಿಸಿದ್ದು ಯಾರು?

ಅಕ್ಕ: ಅದು ವೈವಾಕ್ಸ್ ಜಾತಿಯ ಮಲೇರಿಯಾ ಇರಬೇಕು ಮಾವ. ಲಿವರಿನಲ್ಲಿ ಅಡಗಿ ಕೂತು ಮತ್ತೆ ಏಳುತ್ತದೆ. ಆ 14 ದಿನದ ಮಾತ್ರೆ ಅದಕ್ಕೇ.

ಮಾವ ಉತ್ತರ ಕೊಡಲಿಲ್ಲ. ಹಲಸಿನ ಹಪ್ಪಳದ ಫೋಟೋ ಹಾಕಿದರು.

ಅಕ್ಕ: ಮತ್ತೆ, ಹಾಳೆಯ ನೀರಿನಲ್ಲಿ ಜಾಸ್ತಿ ಹುಟ್ಟುವುದು ಡೆಂಗಿಯ ಸೊಳ್ಳೆ. ನಮ್ಮ ಕಡೆ ಮಲೇರಿಯಾದ್ದಕ್ಕೆ ಬಾವಿ, ಮುಚ್ಚದ ಟ್ಯಾಂಕಿ ಆಗಬೇಕು.

ಬೆಳಿಗ್ಗಿನಿಂದ ಮಾತಾಡದ ಚಿಕ್ಕಪ್ಪ ಇಷ್ಟನ್ನು ಮಾತ್ರ ಓದಿರಬೇಕು. ಎರಡೇ ನಿಮಿಷದಲ್ಲಿ ಒಂದು ಫೋಟೋ ಬಂತು: ದೊಡ್ಡಪ್ಪನ ತಾರಸಿ, ಕಪ್ಪು ಟ್ಯಾಂಕಿ, ಮುಚ್ಚಳ ಇಲ್ಲ.

ದೊಡ್ಡಪ್ಪ: ಮುಚ್ಚಳ ಗಾಳಿಗೆ ಹಾರಿ ನಿನ್ನ ತೋಟಕ್ಕೇ ಬಿದ್ದದ್ದು. ಅದರಲ್ಲಿ ದನಕ್ಕೆ ಹಿಂಡಿ ಕಲಸುವವ ಯಾರು?

ರಾತ್ರಿ ದೊಡ್ಡಮ್ಮನ ಧ್ವನಿ ಸಂದೇಶ: "ಪಪ್ಪಾಯಿ ಎಲೆ ಬೇಕಾದವರು ನಾಳೆಯೇ ಬನ್ನಿ. ಅದೇ ಗಾಳಿಗೆ ಮರವೂ ಬಿದ್ದಿದೆ."